ಕಂಕುಳ ನೋಡ್: ಎಲ್ಲ ತೆಗೆಸಬೇಕಾ, ಎರಡು ಮೂರು ಸಾಕಾ, ಮುಟ್ಟೋದೇ ಬೇಡವಾ?

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ವಾರ. ಸರ್ಜನ್ ಎದುರು ಕೂತಿದ್ದೆವು. "ಕಂಕುಳಲ್ಲಿ ನೋಡ್ ಹೇಗಿದೆ ಅಂತ ತಿಳೀಬೇಕು" ಅಂದರು ಅವರು. ಚಿಕ್ಕಮ್ಮ ತಕ್ಷಣ ಕೈ ಎತ್ತಿ "ನೋಡಿ ಡಾಕ್ಟ್ರೇ" ಅಂದುಬಿಟ್ಟರು. ಆ ಕೋಣೆಯಲ್ಲಿ ಅವತ್ತು ನಗು ಬಂದದ್ದು ಅದೊಂದೇ ಸಲ.

ನೋಡ್ ಅಂದರೆ ಲಿಂಫ್ ನೋಡ್. ಪುಸ್ತಕದಲ್ಲಿ ದುಗ್ಧಗ್ರಂಥಿ ಅಂತ ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಆ ಪದ ಯಾರ ಬಾಯಲ್ಲೂ ಕೇಳಲಿಲ್ಲ. ಕಂಕುಳ ಕೊಬ್ಬಿನೊಳಗೆ ಅಡಗಿರುವ, ಅವರೆಕಾಳಿನಂಥ ಸಣ್ಣ ಗಂಟುಗಳು ಇವು. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಇರುತ್ತವೆ. ಸ್ತನದಿಂದ, ಕೈಯಿಂದ ಹರಿದು ಬರುವ ದ್ರವವನ್ನು ಸೋಸೋದು ಇವುಗಳ ಕೆಲಸ. ಸ್ತನದ ಕ್ಯಾನ್ಸರ್ ಕಣ ಹೊರಟರೆ ಹೆಚ್ಚಾಗಿ ಮೊದಲು ಸಿಕ್ಕಿಬೀಳೋದು ಇಲ್ಲೇ.

ಮನೆಗೆ ಬಂದರೆ ದೊಡ್ಡಮ್ಮನ ತೀರ್ಪು ರೆಡಿ ಇತ್ತು. ಅವರಿಗೆ ಇದೇ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. "ನಂದು ಒಂದೂ ಬಿಡದೆ ತೆಗೆದಿದ್ರು. ಅದಕ್ಕೇ ವಾಪಸ್ ಬರಲಿಲ್ಲ. ನೀನೂ ಎಲ್ಲ ತೆಗೆಸಿಬಿಡು, ಒಂದೆರಡು ಅಂತ ಅರ್ಧಂಬರ್ಧ ಮಾಡಿಸ್ಕೋಬೇಡ." ಹೇಳುವಾಗ ಅವರ ಎಡಗೈ ಮಡಿಲ ಮೇಲಿತ್ತು. ಆ ಕೈಗೆ ಬಳೆ ಏರೋದಿಲ್ಲ. ಟೈಲರ್ ಅವರ ಬ್ಲೌಸಿಗೆ ಎರಡು ತೋಳಿಗೂ ಬೇರೆ ಬೇರೆ ಅಳತೆ ಬರೆದುಕೊಳ್ಳುತ್ತಾನೆ. ಎಡಕ್ಕೆ ಎರಡಿಂಚು ಜಾಸ್ತಿ.

ನಾನು ಡಾಕ್ಟರಲ್ಲ. ಆದರೆ ಆ ಮೂರು ವಾರ ಸಿಕ್ಕಿದ್ದೆಲ್ಲ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಕೊನೆಗೆ ನನಗೆ ಅರ್ಥವಾದದ್ದು ಇಷ್ಟು. ಕಂಕುಳ ಆಪರೇಶನ್ ಮುಖ್ಯವಾಗಿ ಸುದ್ದಿ ತಿಳಿಯೋಕೆ. ಕ್ಯಾನ್ಸರ್ ವಾಪಸ್ ಬರದ ಹಾಗೆ ತಡೆಯುವ ಕೆಲಸ ಬಹುಪಾಲು ಔಷಧಿ ಮತ್ತು ರೇಡಿಯೇಶನ್ನಿನದು. ಇದು ತಲೆಗೆ ಹತ್ತಿದ ಮೇಲೆ ಯಾವ ಆಯ್ಕೆ ಅನ್ನೋದು ಸುಲಭವಾಯಿತು.

"ವಾಪಸ್ ಬರೋದು" ಅಂದರೆ ಎಲ್ಲಿಗೆ?

ಇದನ್ನು ಮೊದಲು ಬಿಡಿಸಿಕೊಳ್ಳಿ. ಕ್ಯಾನ್ಸರ್ ಮರಳಿ ಬರುವ ಜಾಗ ಮೂರು. ಆಪರೇಶನ್ ಆದ ಸ್ತನ ಅಥವಾ ಎದೆಯ ಚರ್ಮ ಒಂದು. ಕಂಕುಳು ಮತ್ತು ಸುತ್ತಲಿನ ನೋಡ್‌ಗಳು ಇನ್ನೊಂದು. ಮೂಳೆ, ಶ್ವಾಸಕೋಶ, ಲಿವರ್‌ನಂಥ ದೂರದ ಜಾಗ ಮೂರನೆಯದು. ಜೀವಕ್ಕೆ ಕುತ್ತು ತರೋದು ಮುಖ್ಯವಾಗಿ ಈ ಮೂರನೆಯದು. ಕಂಕುಳಲ್ಲಿ ಎಷ್ಟು ನೋಡ್ ತೆಗೆದರು ಅನ್ನೋದು ನೇರವಾಗಿ ತಟ್ಟೋದು ಎರಡನೆಯದಕ್ಕೆ. ಅಲ್ಲೊಂದೇ ಬಂದರೆ ಅನೇಕ ಸಲ ಮತ್ತೆ ಆಪರೇಶನ್ ಮಾಡಬಹುದು, ಚಿಕಿತ್ಸೆ ಕೊಡಬಹುದು.

ಹಾಗಾದರೆ ದೊಡ್ಡಮ್ಮನ ವಾದ? ಅದು ಅವರೊಬ್ಬರದಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಹೇಳಿದ್ದೂ ಅದನ್ನೇ. ಸ್ತನ, ಎದೆಯ ಸ್ನಾಯು, ಕಂಕುಳು ಎಲ್ಲ ಒಟ್ಟಿಗೆ ತೆಗೆದರೆ ಬೇರುಸಹಿತ ಕಿತ್ತ ಹಾಗೆ ಅಂತ. ಎಪ್ಪತ್ತು ಎಂಬತ್ತು ವರ್ಷ ಜಗತ್ತು ಅದನ್ನೇ ನಂಬಿತು. 1971ರಲ್ಲಿ ಬರ್ನಾರ್ಡ್ ಫಿಶರ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆಗೆ ಒಡ್ಡಿದರು. ಬಿ-04 ಅಂತ ಆ ಅಧ್ಯಯನದ ಹೆಸರು. ಕಂಕುಳಲ್ಲಿ ಕೈಗೆ ಗಂಟು ಸಿಗದ 1,079 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪೂರ್ತಿ ತೆಗೆದರು. ಇನ್ನೊಂದಕ್ಕೆ ಸ್ತನ ತೆಗೆದು ರೇಡಿಯೇಶನ್ ಕೊಟ್ಟರು. ಮೂರನೆಯದಕ್ಕೆ ಸ್ತನ ಮಾತ್ರ ತೆಗೆದು ಕಂಕುಳನ್ನು ಹಾಗೇ ಬಿಟ್ಟರು.

ಪೂರ್ತಿ ತೆಗೆದವರಲ್ಲಿ ಸುಮಾರು 40% ಜನರ ನೋಡ್‌ಗಳಲ್ಲಿ ಕ್ಯಾನ್ಸರ್ ಇತ್ತು. ಅಂದರೆ ಹಾಗೇ ಬಿಟ್ಟವರಲ್ಲೂ ಅಷ್ಟೇ ಜನಕ್ಕೆ ಇದ್ದಿರಬೇಕು, ಅಲ್ವಾ? ಆದರೆ ಅವರಲ್ಲಿ ಮುಂದೆ ಕಂಕುಳಲ್ಲಿ ಗಂಟು ಬೆಳೆದದ್ದು 19% ಜನಕ್ಕೂ ಇಲ್ಲ. ಅವರಿಗೆ ಆಗ ಆಪರೇಶನ್ ಮಾಡಿದರು. 25 ವರ್ಷದ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಬದುಕುಳಿದವರ ಪ್ರಮಾಣದಲ್ಲಿ ಮೂರು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ನೆನಪಿಡಿ, ಆ ಹೆಂಗಸರಿಗೆ ಕೀಮೋ ಆಗಲಿ, ಹಾರ್ಮೋನ್ ಮಾತ್ರೆ ಆಗಲಿ ಕೊಟ್ಟಿರಲಿಲ್ಲ.

ದೊಡ್ಡಮ್ಮನಿಗೆ ಇದನ್ನು ಹೇಳಲು ಹೋಗಿ ಬೈಸಿಕೊಂಡೆ, ಬಿಡಿ.

ಮೊದಲ ಆಯ್ಕೆ: ಸೆಂಟಿನೆಲ್ ನೋಡ್ ಬಯಾಪ್ಸಿ

ಪರೀಕ್ಷೆ ಮಾಡಿದಾಗ, ಅಲ್ಟ್ರಾಸೌಂಡ್‌ನಲ್ಲಿ, ಕಂಕುಳು ಚೆನ್ನಾಗಿದೆ ಅಂತ ಬಂದವರಿಗೆ ಇವತ್ತು ಸಾಮಾನ್ಯವಾಗಿ ಮಾಡೋದು ಇದನ್ನೇ. ಸೆಂಟಿನೆಲ್ ಅಂದರೆ ಕಾವಲುಗಾರ. ಸ್ತನದ ದ್ರವ ಮೊದಲು ತಲುಪುವ ನೋಡ್ ಯಾವುದೋ ಅದನ್ನೇ ಹುಡುಕಿ, ಒಂದರಿಂದ ಮೂರು ನಾಲ್ಕು ತೆಗೆದು ನೋಡುತ್ತಾರೆ. ಅದು ಶುದ್ಧವಾಗಿದ್ದರೆ ಹಿಂದಿನವನ್ನು ಮುಟ್ಟೋದಿಲ್ಲ.

ಹುಡುಕೋಕೆ ಎರಡು ದಾರಿ. ನೀಲಿ ಬಣ್ಣ ಒಂದು, ಸ್ವಲ್ಪ ವಿಕಿರಣ ಇರುವ ಟೆಕ್ನೀಶಿಯಂ ಇನ್ನೊಂದು. ಎರಡೂ ಸೇರಿಸಿದರೆ ಸಿಗುವ ಸಾಧ್ಯತೆ ಜಾಸ್ತಿ. ಟೆಕ್ನೀಶಿಯಂಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಆ ವಿಕಿರಣವನ್ನು ಪತ್ತೆಹಚ್ಚುವ ಗಾಮಾ ಪ್ರೋಬ್ ಬೇಕು. ಅದಕ್ಕೇ ನಮ್ಮಲ್ಲಿ ಅನೇಕ ಕಡೆ ಮಿಥಿಲಿನ್ ಬ್ಲೂ ಒಂದರಲ್ಲೇ ಮುಗಿಸುತ್ತಾರೆ. ಅಗ್ಗದ್ದು, ಎಲ್ಲ ಕಡೆ ಸಿಗುತ್ತದೆ. ಚಿಕ್ಕಮ್ಮನಿಗೂ ಅದನ್ನೇ ಹಾಕಿದ್ದರು. ಮಾರನೇ ದಿನ ಬಾತ್‌ರೂಮಿನಿಂದ ಒಂದೇ ಕೂಗು. ಮೂತ್ರ ಹಸಿರು! ಯಾರೂ ಮೊದಲೇ ಹೇಳಿರಲಿಲ್ಲ. ಗಾಬರಿ ಬೇಡ, ಒಂದೆರಡು ದಿನದಲ್ಲಿ ಹೋಗುತ್ತದೆ. ಚರ್ಮದ ಮೇಲಿನ ನೀಲಿ ಕಲೆ ಮಾತ್ರ ಇನ್ನೂ ಕೆಲವು ವಾರ ಉಳಿಯಬಹುದು.

"ಒಂದೆರಡು ತೆಗೆದು ನೋಡಿದರೆ ತಪ್ಪಿ ಹೋಗಲ್ವಾ?" ನ್ಯಾಯವಾದ ಪ್ರಶ್ನೆ. ತಪ್ಪುತ್ತದೆ. 5,611 ಹೆಂಗಸರ ಮೇಲೆ ನಡೆದ ಬಿ-32 ಅಧ್ಯಯನದಲ್ಲಿ, ನೋಡ್‌ನಲ್ಲಿ ನಿಜಕ್ಕೂ ಕ್ಯಾನ್ಸರ್ ಇದ್ದವರ ಪೈಕಿ ಹತ್ತರಲ್ಲಿ ಒಬ್ಬರಿಗೆ ಸೆಂಟಿನೆಲ್ "ಏನೂ ಇಲ್ಲ" ಅಂತ ತಪ್ಪು ಹೇಳಿತ್ತು. ಆದರೂ ಸೆಂಟಿನೆಲ್ ಶುದ್ಧ ಅಂತ ಅಷ್ಟಕ್ಕೇ ಬಿಟ್ಟವರಲ್ಲಿ ಕಂಕುಳಲ್ಲಿ ವಾಪಸ್ ಬಂದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬದುಕುಳಿಯುವ ಪ್ರಮಾಣ ಇವರಿಗೂ, ಉಳಿದದ್ದನ್ನೂ ತೆಗೆಸಿಕೊಂಡ ಗುಂಪಿಗೂ ಒಂದೇ. ತಪ್ಪಿಸಿಕೊಂಡ ಕಣಗಳನ್ನು ಔಷಧಿ, ರೇಡಿಯೇಶನ್ ಮತ್ತು ಮೈಯ ಸ್ವಂತ ಕಾವಲು ನೋಡಿಕೊಂಡವು ಅಂತ ತಿಳಿಯಬೇಕು.

ನೋಡ್ ಜಾಸ್ತಿ ತೆಗೆದಷ್ಟೂ ಕೈಯ ದ್ರವ ಸರಿಯಾಗಿ ಹರಿಯದೆ ಕೈ ಊದಿಕೊಳ್ಳಬಹುದು. ಕಮ್ಮಿ ತೆಗೆದರೆ ಕೈಗೆ ಎಷ್ಟು ಲಾಭ? ಬ್ರಿಟನ್ನಿನ ಅಲ್ಮನಾಕ್ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ಕೈ ಊತ ಪೂರ್ತಿ ತೆಗೆಯುವ ಗುಂಪಿನಲ್ಲಿ 13%, ಸೆಂಟಿನೆಲ್ ಗುಂಪಿನಲ್ಲಿ 5%. ಮರಗಟ್ಟುವಿಕೆ 31% ಮತ್ತು 11%.

ಗಾಮಾ ಪ್ರೋಬ್ ಇಲ್ಲದ ಊರಿನವರಿಗೆ ಒಂದು ಮಾತು. ಮುಂಬೈನ ಟಾಟಾ ಮೆಮೋರಿಯಲ್‌ನವರು ಇನ್ನೊಂದು ದಾರಿ ತೋರಿಸಿದ್ದಾರೆ. ಕಂಕುಳ ಕೆಳಭಾಗದಲ್ಲಿ ಒಂದು ನಿರ್ದಿಷ್ಟ ನರದ ಕೆಳಗಿರುವ ಕೊಬ್ಬನ್ನು ನೋಡ್‌ಗಳ ಸಮೇತ ತೆಗೆದು ಪರೀಕ್ಷಿಸೋದು. ಲೋ ಆಕ್ಸಿಲರಿ ಸ್ಯಾಂಪ್ಲಿಂಗ್ ಅಂತಾರೆ. 2013ರಲ್ಲಿ ಪ್ರಕಟವಾದ ಅವರ ಹೋಲಿಕೆಯಲ್ಲಿ ಇದು ಸೆಂಟಿನೆಲ್‌ನಷ್ಟೇ ನಿಖರವಾಗಿತ್ತು. ದುಬಾರಿ ಯಂತ್ರ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕಂಕುಳು ಪೂರ್ತಿ ಖಾಲಿ ಮಾಡಿಸಿಕೊಳ್ಳಬೇಕಿಲ್ಲ ಅಂತ ಇದರ ಅರ್ಥ.

ಎರಡನೆಯದು: ಪೂರ್ತಿ ತೆಗೆಯೋದು

ಆಕ್ಸಿಲರಿ ಕ್ಲಿಯರೆನ್ಸ್, ಡಿಸೆಕ್ಷನ್, ಎಎಲ್‌ಎನ್‌ಡಿ, ಎಲ್ಲ ಒಂದೇ. ಕಂಕುಳ ಕೊಬ್ಬನ್ನು ಹತ್ತಕ್ಕಿಂತ ಜಾಸ್ತಿ ನೋಡ್ ಸಮೇತ ತೆಗೆಯುತ್ತಾರೆ. ಒಂದೆರಡು ವಾರ ಡ್ರೈನ್ ಬಾಟಲಿ ನೇತಾಡುತ್ತಿರುತ್ತದೆ. ಮೇಲ್ತೋಳಿನ ಒಳಭಾಗ ಮರಗಟ್ಟೋದು ಮಾಮೂಲು. ದೊಡ್ಡಮ್ಮನಿಗೆ ಒಮ್ಮೆ ಬಿಸಿ ಕುಕ್ಕರ್ ಆ ಜಾಗಕ್ಕೆ ತಗುಲಿ ಬೊಬ್ಬೆ ಬಂದಿತ್ತು. ಸಂಜೆ ಸ್ನಾನಕ್ಕೆ ಹೋಗುವವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ.

ಇದು ಯಾರಿಗೂ ಬೇಡದ ಹಳೇ ಆಪರೇಶನ್ ಅಂತ ಮಾತ್ರ ಅಂದುಕೊಳ್ಳಬೇಡಿ. ನೋಡ್‌ಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದರೆ ಬೇಕು. ಸ್ತನವೆಲ್ಲ ಕೆಂಪಾಗಿ ಊದಿಕೊಳ್ಳುವ ಉರಿಯೂತದ ಕ್ಯಾನ್ಸರ್ ಆದರೆ ಬೇಕು. ಮೊದಲೇ ಕೀಮೋ ಕೊಟ್ಟ ಮೇಲೂ ನೋಡ್‌ನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಸಾಮಾನ್ಯವಾಗಿ ಬೇಕು. ನಮ್ಮ ಕಡೆ ಗಂಟು ದೊಡ್ಡದಾದ ಮೇಲೆ ಆಸ್ಪತ್ರೆಗೆ ಬರುವವರು ಬಹಳ. ಹಾಗಾಗಿ ಈ ಆಪರೇಶನ್ ಇನ್ನೂ ಅನೇಕರಿಗೆ ಸರಿಯಾದ ಆಯ್ಕೆಯೇ.

ನಿಜವಾದ ಗೊಂದಲ ನಡುವಿನವರದು. ಸೆಂಟಿನೆಲ್ ತೆಗೆದರು, ಒಂದೋ ಎರಡೋ ಪಾಸಿಟಿವ್ ಬಂತು, ಅಂದರೆ ಅವುಗಳಲ್ಲಿ ಕ್ಯಾನ್ಸರ್ ಸಿಕ್ಕಿತು. ಈಗ ಉಳಿದದ್ದನ್ನೂ ತೆಗೆಯಬೇಕಾ?

ಒಂದೆರಡು ಪಾಸಿಟಿವ್ ಬಂದರೆ

ಇಲ್ಲಿ ಸ್ವಲ್ಪ ನಿಂತು ಓದಿ. ಹೆಚ್ಚು ಜನ ಎಡವೋದು ಇಲ್ಲೇ.

ಅಮೆರಿಕದ ಝಡ್-11 ಅನ್ನುವ ಅಧ್ಯಯನ. 5 ಸೆಂಟಿಮೀಟರ್ ಒಳಗಿನ ಗಂಟು, ಸ್ತನ ಉಳಿಸಿ ಗಂಟು ಮಾತ್ರ ತೆಗೆದವರು, ಸೆಂಟಿನೆಲ್ ಒಂದೋ ಎರಡೋ ಪಾಸಿಟಿವ್. ಅರ್ಧ ಜನಕ್ಕೆ ಉಳಿದದ್ದನ್ನೂ ತೆಗೆದರು, ಅರ್ಧ ಜನಕ್ಕೆ ಅಷ್ಟಕ್ಕೇ ಬಿಟ್ಟರು. ಬಹುತೇಕ ಎಲ್ಲರಿಗೂ ಸ್ತನಕ್ಕೆ ರೇಡಿಯೇಶನ್ ಮತ್ತು ಔಷಧಿ. ತೆಗೆದವರಲ್ಲಿ 27% ಜನಕ್ಕೆ ಉಳಿದ ನೋಡ್‌ಗಳಲ್ಲೂ ಕ್ಯಾನ್ಸರ್ ಸಿಕ್ಕಿತು. ಅಂದರೆ ಬಿಟ್ಟವರಲ್ಲಿ ಕಾಲುಭಾಗ ಜನ ಕ್ಯಾನ್ಸರ್ ಇರುವ ನೋಡ್ ಇಟ್ಟುಕೊಂಡೇ ಮನೆಗೆ ಹೋದರು! ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ 10 ವರ್ಷದ ನಂತರ ಕಂಕುಳ ಭಾಗದಲ್ಲಿ ವಾಪಸ್ ಬಂದದ್ದು ತೆಗೆದವರಲ್ಲಿ 0.5%, ಬಿಟ್ಟವರಲ್ಲಿ 1.5%. ಬದುಕಿದ್ದವರು 83.6% ಮತ್ತು 86.3%. ಬಿಟ್ಟವರದೇ ಕೂದಲೆಳೆ ಮುಂದೆ. ಅದನ್ನು ಗೆಲುವು ಅನ್ನಬೇಡಿ, ಸಮ ಅನ್ನಿ.

ಈ ಅಧ್ಯಯನಕ್ಕೆ ಆಕ್ಷೇಪಗಳೂ ಇದ್ದವು. 1,900 ಜನ ಬೇಕಿತ್ತು, ಸೇರಿದ್ದು 891. ಪೂರ್ತಿ ಸ್ತನ ತೆಗೆಸಿಕೊಂಡವರು ಇದರಲ್ಲಿ ಇರಲೇ ಇಲ್ಲ. ನಮ್ಮಲ್ಲಿ ಪೂರ್ತಿ ತೆಗೆಸುವವರು ಜಾಸ್ತಿ, ಹಾಗಾಗಿ ಈ ಆಕ್ಷೇಪ ಸಣ್ಣದಲ್ಲ. ಆ ಜಾಗ ತುಂಬಿದ್ದು 2024ರಲ್ಲಿ ಬಂದ ಸೆನೊಮ್ಯಾಕ್. ಸ್ವೀಡನ್ ಮುಂದಾಳತ್ವ, 2,500ಕ್ಕಿಂತ ಹೆಚ್ಚು ಜನ, ಮೂರರಲ್ಲೊಬ್ಬರಿಗಿಂತ ಹೆಚ್ಚು ಪೂರ್ತಿ ಸ್ತನ ತೆಗೆಸಿದವರು. ಐದು ವರ್ಷಕ್ಕೆ ಮರುಕಳಿಸದೆ ಇದ್ದವರು ಎರಡೂ ಗುಂಪಿನಲ್ಲಿ 89% ಆಸುಪಾಸು.

ಆದರೆ ಸೆನೊಮ್ಯಾಕ್‌ನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ನೋಡ್ ಭಾಗಕ್ಕೂ ರೇಡಿಯೇಶನ್ ಸಿಕ್ಕಿತ್ತು. ಇದನ್ನು ಬಿಟ್ಟು ಓದಿದರೆ ಮೋಸ ಹೋಗುತ್ತೀರಿ. ಕತ್ತಿ ಕಮ್ಮಿ ಮಾಡಿದ್ದಾರೆ, ಚಿಕಿತ್ಸೆ ಕಮ್ಮಿ ಮಾಡಿಲ್ಲ.

ಆಪರೇಶನ್ ಬದಲು ರೇಡಿಯೇಶನ್

ಇದನ್ನೇ ನೇರವಾಗಿ ಎದುರುಬದುರು ಇಟ್ಟಿದ್ದು ಯುರೋಪಿನ ಅಮರೋಸ್. ಸೆಂಟಿನೆಲ್ ಪಾಸಿಟಿವ್ ಆದ 1,425 ಜನ. ಒಂದು ಗುಂಪಿಗೆ ಪೂರ್ತಿ ತೆಗೆಯೋದು, ಇನ್ನೊಂದಕ್ಕೆ ಕಂಕುಳಿಗೆ ರೇಡಿಯೇಶನ್. 10 ವರ್ಷಕ್ಕೆ ಕಂಕುಳಲ್ಲಿ ವಾಪಸ್ ಬಂದದ್ದು 0.93% ಮತ್ತು 1.82%. ಕೈ ಊತ ಐದು ವರ್ಷಕ್ಕೆ 23% ಮತ್ತು 11%. ನೂರು ಜನರಲ್ಲಿ ಒಬ್ಬರಿಗೆ ಕಂಕುಳ ಮರುಕಳಿಕೆ ತಪ್ಪಿಸಲು ಹನ್ನೆರಡು ಜನರ ಕೈ ಊದಿಸಿದ ಹಾಗೆ. ನನಗೆ ಇದು ಒಳ್ಳೇ ವ್ಯಾಪಾರ ಅನ್ನಿಸೋದಿಲ್ಲ.

ಹಾಗಂತ ಕಾಗದದ ಮೇಲಿನ ಲೆಕ್ಕ ಎಲ್ಲರ ಮನೆಗೂ ಹೊಂದೋದಿಲ್ಲ. ರೇಡಿಯೇಶನ್ ಅಂದರೆ ಸಾಮಾನ್ಯವಾಗಿ ಕೆಲವು ವಾರ, ದಿನಾ ಹೋಗಿ ಬರಬೇಕು. ಯಂತ್ರ ಇರೋದು ದೊಡ್ಡ ಊರುಗಳಲ್ಲಿ. ಕಿದ್ವಾಯಿಯ ಮುಂದೆ ಬೆಳಗಿನ ಬಸ್ಸಿಳಿದು ಬರುವವರನ್ನು ನೋಡಿದರೆ ಗೊತ್ತಾಗುತ್ತದೆ. ಯಾದಗಿರಿಯಿಂದ, ಚಾಮರಾಜನಗರದಿಂದ ಬಂದು ಬೆಂಗಳೂರಲ್ಲಿ ಉಳಿಯುವ ಜಾಗ, ಜೊತೆಗೊಬ್ಬರು, ಬಿಟ್ಟು ಬಂದ ದನಕರು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮುಗಿಸೋಕೆ ಆಗೋದೇ ಇಲ್ಲ ಅನ್ನುವ ಸ್ಥಿತಿ ಇದ್ದರೆ ಆಪರೇಶನ್‌ಗೆ ಮೊದಲೇ ಡಾಕ್ಟರಿಗೆ ಹೇಳಿ. ಮುಚ್ಚಿಟ್ಟು, ಕಂಕುಳೂ ತೆಗೆಸದೆ ರೇಡಿಯೇಶನ್ನೂ ಅರ್ಧಕ್ಕೆ ಬಿಡೋದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಎರಡೂ ಪೂರ್ತಿ ಮಾಡಿಸಿದರೆ ಕೈ ಊತದ ಅಪಾಯ ಇನ್ನೂ ಏರುತ್ತದೆ ಅನ್ನೋದೂ ತಿಳಿದಿರಲಿ.

ಪೂರ್ತಿ ತೆಗೆಯುವ ಪರವಾಗಿ ಒಂದು ವಾದ ಉಳಿದಿದೆ. ಎಷ್ಟು ನೋಡ್ ಪಾಸಿಟಿವ್ ಅನ್ನುವ ಎಣಿಕೆ. ಹಾರ್ಮೋನ್ ಪಾಸಿಟಿವ್ ಆದ, ಅಂದರೆ ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್ ಇರುವ ಕೆಲವರಿಗೆ ಅಬೆಮಾಸೈಕ್ಲಿಬ್ ಅನ್ನುವ ಮಾತ್ರೆ ಕೊಡಬೇಕೇ ಅನ್ನೋದು ನಾಲ್ಕು ಅಥವಾ ಹೆಚ್ಚು ನೋಡ್ ಇದೆಯಾ ಅನ್ನೋದರ ಮೇಲೂ ನಿಲ್ಲುತ್ತದೆ. ಆ ಮಾತ್ರೆ ನಿಮ್ಮ ವಿಷಯದಲ್ಲಿ ಲೆಕ್ಕಕ್ಕಿದೆಯಾ ಅಂತ ಕೇಳಿ. ಎಣಿಕೆ ಗೊತ್ತಾದರೂ ಚಿಕಿತ್ಸೆ ಬದಲಾಗೋದಿಲ್ಲ ಅಂದರೆ, ಬರೀ ಎಣಿಸೋಕೆ ಕಂಕುಳು ಖಾಲಿ ಮಾಡೋದು ಯಾಕೆ?

ಮೊದಲು ಕೀಮೋ, ಆಮೇಲೆ ಆಪರೇಶನ್ ಆದರೆ

ಡಾಕ್ಟರುಗಳ ನಡುವೆಯೇ ಭಿನ್ನಾಭಿಪ್ರಾಯ ಜಾಸ್ತಿ ಇರುವ ಜಾಗ ಇದು. ಮೊದಲು ನೋಡ್ ಪಾಸಿಟಿವ್ ಇತ್ತು, ಕೀಮೋ ನಂತರ ಕರಗಿತು ಅನ್ನಿ. ಆಗ ಸಾದಾ ಸೆಂಟಿನೆಲ್ ಮಾಡಿದರೆ ತಪ್ಪುವ ಪ್ರಮಾಣ 12%ರ ಮೇಲೆ ಹೋಗುತ್ತದೆ. ಮೂರು ಅಥವಾ ಹೆಚ್ಚು ನೋಡ್ ತೆಗೆದರೆ, ನೀಲಿ ಬಣ್ಣ, ಟೆಕ್ನೀಶಿಯಂ ಎರಡನ್ನೂ ಬಳಸಿದರೆ ಕಡಿಮೆಯಾಗುತ್ತದೆ. ಪಾಸಿಟಿವ್ ಇದ್ದ ಆ ನೋಡ್‌ಗೇ ಮೊದಲು ಒಂದು ಪುಟ್ಟ ಲೋಹದ ಕ್ಲಿಪ್ ಹಾಕಿಟ್ಟು, ಆಮೇಲೆ ಅದನ್ನೂ ಸೆಂಟಿನೆಲ್ ಜೊತೆ ತೆಗೆದರೆ ಇನ್ನೂ ಕಡಿಮೆ.

ಆ ಕ್ಲಿಪ್ ಹಾಕಬೇಕಾದದ್ದು ಮೊದಲ ಕೀಮೋಗೆ ಮುಂಚೆ. ಕರಗಿದ ಮೇಲೆ ಯಾವ ನೋಡ್ ಅಂತ ಹುಡುಕೋದು? ನಮ್ಮ ಪರಿಚಯದ ಒಬ್ಬರಿಗೆ ಇದನ್ನು ಯಾರೂ ಹೇಳಲಿಲ್ಲ. ಕೀಮೋ ಚೆನ್ನಾಗಿ ಕೆಲಸ ಮಾಡಿ ನೋಡ್ ಮಾಯವಾಯಿತು, ಗುರುತು ಇರಲಿಲ್ಲ, ಕೊನೆಗೆ ಪೂರ್ತಿ ತೆಗೆದರು. ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ.

ಮುಟ್ಟೋದೇ ಬೇಡ ಅನ್ನುವ ಹೊಸ ಆಯ್ಕೆ

ಸೆಂಟಿನೆಲ್ ಕೂಡ ಬೇಡ ಅನ್ನುವವರೆಗೆ ಬಂದಿದೆ ಮಾತು. 2023ರಲ್ಲಿ ಸೌಂಡ್ ಅಂತ ಒಂದು ಅಧ್ಯಯನ ಬಂತು, ಮಿಲಾನ್‌ನವರ ಮುಂದಾಳತ್ವದ್ದು. 2 ಸೆಂಟಿಮೀಟರ್ ಒಳಗಿನ ಗಂಟು, ಅಲ್ಟ್ರಾಸೌಂಡ್‌ನಲ್ಲಿ ಕಂಕುಳು ಶುದ್ಧ. ಸೆಂಟಿನೆಲ್ ಮಾಡಿದವರಿಗೂ ಮಾಡದವರಿಗೂ ಐದು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ. 2024ರ ಕೊನೆಯಲ್ಲಿ ಜರ್ಮನಿ, ಆಸ್ಟ್ರಿಯಾದ ಇನ್ಸೆಮಾ ಸುಮಾರು ಐದು ಸಾವಿರ ಜನರಲ್ಲಿ ಅದನ್ನೇ ಹೇಳಿತು. ಕಂಕುಳಲ್ಲಿ ವಾಪಸ್ ಬಂದದ್ದು ಮುಟ್ಟದವರಲ್ಲಿ 1%, ಸೆಂಟಿನೆಲ್ ಮಾಡಿದವರಲ್ಲಿ 0.3%.

2025ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೊ ಇದನ್ನು ಒಪ್ಪಿತು, ಆದರೆ ಬಿಗಿಯಾದ ಷರತ್ತಿನೊಂದಿಗೆ. ವಯಸ್ಸು 50 ದಾಟಿ ಮುಟ್ಟು ನಿಂತಿರಬೇಕು. ಗಂಟು 2 ಸೆಂಟಿಮೀಟರ್ ಒಳಗೆ, ಗ್ರೇಡ್ 1 ಅಥವಾ 2. ಹಾರ್ಮೋನ್ ಪಾಸಿಟಿವ್, ಹರ್-2 (ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನ್) ನೆಗೆಟಿವ್. ಸ್ತನ ಉಳಿಸುವ ಆಪರೇಶನ್. ಕಂಕುಳ ಅಲ್ಟ್ರಾಸೌಂಡ್ ಶುದ್ಧ. 40ರ ಹರೆಯದವರಿಗೆ, ಹಾರ್ಮೋನ್, ಹರ್-2 ಎರಡೂ ನೆಗೆಟಿವ್ ಆದ ಟ್ರಿಪಲ್ ನೆಗೆಟಿವ್‌ನವರಿಗೆ ಇದು ಹೊಂದೋದಿಲ್ಲ. ಇದೆಲ್ಲ ನಿಂತಿರೋದು ಅಲ್ಟ್ರಾಸೌಂಡ್ ಮಾಡಿದವರ ಕಣ್ಣಿನ ಮೇಲೆ. ಸ್ತನದ ಅಲ್ಟ್ರಾಸೌಂಡ್ ದಿನಾ ಮಾಡುವ ರೇಡಿಯಾಲಜಿಸ್ಟ್ ಕಂಕುಳನ್ನು ಬೇರೆಯಾಗಿ ನೋಡಿ ಬರೆದಿದ್ದಾರಾ ಅಂತ ರಿಪೋರ್ಟ್ ತೆಗೆದು ನೋಡಿ.

70 ದಾಟಿದ, ಕಂಕುಳಲ್ಲಿ ಕೈಗೆ ಗಂಟು ಸಿಗದ, ಆರಂಭದ ಹಂತದ, ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಆದ ಅಜ್ಜಿಯರಿಗೆ ಸೆಂಟಿನೆಲ್ ಮಾಮೂಲಿಯಾಗಿ ಮಾಡಬೇಡಿ ಅಂತ 2016ರಿಂದಲೇ ಸಲಹೆ ಇದೆ.

ಸಹಿ ಹಾಕುವ ಮುಂಚೆ

ಆಪರೇಶನ್ ಹಿಂದಿನ ಸಂಜೆ ನರ್ಸ್ ಒಪ್ಪಿಗೆ ಪತ್ರ ತಂದಳು. "ಎಸ್‌ಎಲ್‌ಎನ್‌ಬಿ, ಪ್ಲಸ್ ಆರ್ ಮೈನಸ್ ಎಎಲ್‌ಎನ್‌ಡಿ" ಅಂತ ಒಂದು ಸಾಲು. ಚಿಕ್ಕಮ್ಮ ಪೆನ್ನು ಹಿಡಿದಾಗಿತ್ತು. ಆ ಒಂದು ಸಾಲಿನ ಅರ್ಥ ಇಷ್ಟು: ಸೆಂಟಿನೆಲ್ ತೆಗೆದು, ನೀವು ಮಲಗಿರುವಾಗಲೇ ಫ್ರೋಜನ್ ಸೆಕ್ಷನ್ ಅನ್ನುವ ತುರ್ತು ಲ್ಯಾಬ್ ಪರೀಕ್ಷೆ ಮಾಡಿ, ಪಾಸಿಟಿವ್ ಬಂದರೆ ಅಲ್ಲೇ ಪೂರ್ತಿ ತೆಗೆಯಬಹುದು. ಎಷ್ಟು ಪಾಸಿಟಿವ್ ಬಂದರೆ ತೆಗೀತೀರಿ, ಒಂದೋ ಎರಡೋ ಬಂದರೆ ರೇಡಿಯೇಶನ್‌ಗೆ ಬಿಡ್ತೀರಾ, ಅಂತ ಸರ್ಜನ್ನರನ್ನು ಕರೆಸಿ ಕೇಳಿದೆವು. ಅವರು ಬೇಸರ ಮಾಡಿಕೊಳ್ಳದೆ ಪೆನ್ನಲ್ಲಿ ಪಕ್ಕಕ್ಕೆ "ಮೂರು ಅಥವಾ ಹೆಚ್ಚು ಪಾಸಿಟಿವ್ ಆದರೆ ಮಾತ್ರ" ಅಂತ ಬರೆದರು. ಆ ಎರಡು ನಿಮಿಷದ ಮಾತಿಗೆ ನಾಚಿಕೊಳ್ಳಬೇಡಿ.

ಆಪರೇಶನ್ ಆದ ಮೇಲೆ ರಿಪೋರ್ಟಿನಲ್ಲಿ 0/3, 2/14 ಅಂತ ಇರುತ್ತದೆ. ಕೆಳಗಿನದು ತೆಗೆದ ನೋಡ್, ಮೇಲಿನದು ಕ್ಯಾನ್ಸರ್ ಇದ್ದದ್ದು. ಚಿಕ್ಕಮ್ಮನದು 0/3. ದೊಡ್ಡಮ್ಮ ತಮ್ಮ ಟ್ರಂಕಿನಿಂದ ಹಳದಿಯಾದ ರಿಪೋರ್ಟ್ ತೆಗೆಸಿದರು. 2/17. ಸ್ವಲ್ಪ ಹೊತ್ತು ನೋಡಿ, "ಹದಿನೈದು ಚೆನ್ನಾಗಿದ್ವಾ?" ಅಂದರು. ಆಗಿನ ಡಾಕ್ಟರರು ಆಗ ಗೊತ್ತಿದ್ದ ಸರಿಯಾದದ್ದನ್ನೇ ಮಾಡಿದ್ದರು. ಅದನ್ನೂ ಅವರಿಗೆ ಹೇಳಿದೆ.

ಕೈ ಬಗ್ಗೆ ಎರಡು ಮಾತು. ಭಾರ ಎತ್ತಲೇಬಾರದು ಅನ್ನೋದು ಹಳೇ ಮಾತು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈಗಾಗಲೇ ಕೈ ಊದಿದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ತರಬೇತಿಯಲ್ಲಿ ಹಂತಹಂತವಾಗಿ ಭಾರ ಎತ್ತಿದವರ ಊತ ಜಾಸ್ತಿಯಾಗಲಿಲ್ಲ, ಉಲ್ಬಣಿಸೋದೂ ಕಡಿಮೆಯಾಯಿತು. ಗಾಯ, ಸುಟ್ಟದ್ದು, ಸೋಂಕು ಆಗದ ಹಾಗೆ ನೋಡಿಕೊಳ್ಳಿ. ಕೈ ಕೆಂಪಾಗಿ ಬಿಸಿಯಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಊತ ಬಂದಿದೆಯಾ ಅಂತ ಗೊತ್ತಾಗಬೇಕಾದರೆ ಮೊದಲಿನ ಅಳತೆ ಬೇಕು. ಅಡ್ಮಿಟ್ ಆಗುವ ಬೆಳಿಗ್ಗೆ ದೊಡ್ಡಮ್ಮ ತಮ್ಮ ಟೈಲರಿಂಗ್ ಟೇಪ್ ತಂದರು. ಮೊಣಕೈಯಿಂದ ನಾಲ್ಕಿಂಚು ಮೇಲೆ, ನಾಲ್ಕಿಂಚು ಕೆಳಗೆ, ಎರಡೂ ಕೈ. ಕ್ಯಾಲೆಂಡರ್ ಹಿಂದೆ ಪೆನ್ಸಿಲ್ಲಲ್ಲಿ ಬರೆದಿಟ್ಟರು. ಈಗ ಪ್ರತಿ ತಿಂಗಳು ಒಂದನೇ ತಾರೀಕು ಟೇಪ್ ಹಿಡಿದು ಬರುತ್ತಾರೆ.